ಕಿವಿ ಮುಚ್ಚಿಕೊಂಡ ಮಗುವಿನ ಸಾಕ್ಷಿ

ಕೊಡಗಿನಲ್ಲಿ ಮಗು ಹುಟ್ಟಿದ ಸುದ್ದಿಯನ್ನು ಕೋವಿ ಸಾರುತ್ತಿತ್ತು. ಗಂಡು ಮಗುವಾದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ಕದಿರು ಕೊಯ್ಯುವ ಗಳಿಗೆಗೆ ಗದ್ದೆಯಿಂದ ಗುಂಡು ಹಾರುತ್ತದೆ, ಊರ ದೇವರ ಹಬ್ಬದಲ್ಲಿ ಗರ್ನಾಲು ಎಂಬ ಸಿಡಿಮದ್ದು ಸಿಡಿಯುತ್ತದೆ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಸರೆಯ ಹತ್ತು ಮಂಟಪಗಳು ಜನರೇಟರಿನ ಬಲದಿಂದ ಮಿಂಚುತ್ತ, ಗುಡುಗುತ್ತ ಬೆಳಗಿನ ತನಕ ಸಾಗುತ್ತವೆ. ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿರುವ ಮಾದಾಪುರದಂಥ ಊರಿನ ಮಗುವಿಗೆ ವರ್ಷದ ಸಂಭ್ರಮಗಳೆಲ್ಲ ಮುಟ್ಟುವುದು ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ಆದರೆ ಇದನ್ನು ತಾಳಲಾರದ ಮಕ್ಕಳೂ ಇದ್ದಾರೆ. ಓಲಗ ಶುರುವಾದೊಡನೆ ಎರಡೂ ಕಿವಿ ಮುಚ್ಚಿಕೊಂಡು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುವವರು, ಮಿಣಮಿಣ ಸೀರಿಯಲ್ ಲೈಟು ಕಂಡರೆ ಕಣ್ಣು ಬಿಗಿಹಿಡಿದು ಕಿರುಚುವವರು, ಗರ್ನಾಲಿನ ಒಂದು ಸದ್ದಿಗೆ ಇಡೀ ರಾತ್ರಿ ನಿದ್ದೆ ಕಳೆದುಕೊಳ್ಳುವವರು. ಇದು ಡಾಕ್ಟರು ನೋಡಿಕೊಳ್ಳಬೇಕಾದ ವಿಷಯ ಎಂದು ಉಳಿದವರು ಸುಮ್ಮನಾಗುತ್ತಾರೆ. ಡಾಕ್ಟರು ನೋಡಲಿ, ಅದು ಬೇಕು. ಆದರೆ ಇದರಲ್ಲಿ ಧರ್ಮದ ಪ್ರಶ್ನೆಯೂ ಒಂದಿದೆ, ಅದನ್ನು ಡಾಕ್ಟರ ತಲೆಗೆ ಕಟ್ಟಲಾಗದು. ದೇವರ ಹೆಸರಿನಲ್ಲಿ ಎಬ್ಬಿಸಿದ ಸದ್ದು ಒಂದು ಮಗುವನ್ನು ದೇವರೆದುರಿನಿಂದ ಓಡಿಸಿದರೆ ಆ ಪೂಜೆ ಪೂಜೆಯಾಗಿ ಉಳಿಯಿತೇ? ಉಳಿಯಲಿಲ್ಲ ಎಂಬುದು ನನ್ನ ವಾದ. ಅದನ್ನು ತೋರಿಸಲು ಹೊರಗಿನಿಂದ ತಂದ ಅನುಕಂಪದ ಮಾತು ಬೇಕಾಗಿಲ್ಲ, ನಮ್ಮ ಪರಂಪರೆಗಳು ತಾವೇ ಒಪ್ಪಿಕೊಂಡಿರುವ ಅಳತೆಗೋಲುಗಳು ಸಾಕು.

ಮೊದಲು ಈ ಮಕ್ಕಳ ಸ್ಥಿತಿ ಏನೆಂಬುದು ಸ್ಪಷ್ಟವಾಗಬೇಕು. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಕುರಿತ ತಮ್ಮ ಮೊದಲ ಪ್ರಬಂಧದಲ್ಲೇ ಜೋರು ಸದ್ದಿಗೆ ಈ ಮಕ್ಕಳು ಬೆದರುವುದನ್ನು ಗುರುತಿಸಿದ್ದರು. ಆದರೂ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ ಇಂದ್ರಿಯಗಳ ಅತಿಸಂವೇದನೆ ಆಟಿಸಂನ ಲಕ್ಷಣಗಳ ಪಟ್ಟಿ ಸೇರಲು 2013ರ ಐದನೇ ಆವೃತ್ತಿಯವರೆಗೆ ಕಾಯಬೇಕಾಯಿತು. ಸದ್ದಿಗೆ, ಬೆಳಕಿಗೆ ನಲುಗುವ ಮಕ್ಕಳೆಲ್ಲ ಆಟಿಸಂ ಇರುವವರಲ್ಲ. ಗಮನದ ತೊಂದರೆ, ಆತಂಕ, ಮೈಗ್ರೇನ್ ಇರುವವರಲ್ಲೂ, ಬೇರೆ ಯಾವ ತೊಂದರೆಯೂ ಇಲ್ಲದವರಲ್ಲೂ ಇದು ಕಾಣುತ್ತದೆ. ಇದನ್ನೇ ಬೇರೆ ಕಾಯಿಲೆಯೆಂದು ಹೆಸರಿಸಬಹುದೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಹಾಗೆ ಹೆಸರಿಸಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. ವಾದವಿರುವುದು ಹೆಸರಿನ ಬಗ್ಗೆ, ನೋವು ನಿಜವೇ ಎಂಬುದರ ಬಗ್ಗೆ ಅಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಮೆದುಳು ಅದನ್ನು ಬದಿಗೆ ಸರಿಸುತ್ತದೆ, ಹೊಳೆ ಪಕ್ಕದ ಮನೆಯವರಿಗೆ ಹೊಳೆಯ ಸದ್ದು ಕೇಳದ ಹಾಗೆ. ಈ ಮಕ್ಕಳಲ್ಲಿ ಅನೇಕರಿಗೆ ಹಾಗೆ ಬದಿಗೆ ಸರಿಸುವ ಕೆಲಸ ನಿಧಾನ, ಅಥವಾ ಆಗುವುದೇ ಇಲ್ಲ ಎಂದು ಮೆದುಳಿನ ಚಿತ್ರಣದ ಅಧ್ಯಯನಗಳು ತೋರಿಸಿವೆ. ಹತ್ತನೇ ಪಟಾಕಿಯೂ ಅವರಿಗೆ ಮೊದಲ ಪಟಾಕಿಯೇ. ಕೊಡಗಿನವರಿಗೆ ಕಿವಿಯ ತಪಾಸಣೆಗೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ತಾನು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿದೆ. ಹೀಗೆ ಆಸ್ಪತ್ರೆಗೂ ಕಾನೂನಿಗೂ ತಿಳಿದ ಸಂಗತಿ ದೇವಸ್ಥಾನದ ಅಂಗಳಕ್ಕೆ ಇನ್ನೂ ಬಂದು ತಲುಪಿಲ್ಲ.

ಅಂಗಳದಲ್ಲಿ ಮೊದಲು ಕೇಳುವ ಮಾತು, ‘ಇದೆಲ್ಲ ಹಟ’ ಎಂಬುದು. ಮುದ್ದು ಮಾಡಿ ಕೆಡಿಸಿದ್ದು, ಎರಡು ಬಿಟ್ಟರೆ ಸರಿಹೋಗುತ್ತದೆ, ನಮ್ಮ ಕಾಲದಲ್ಲಿ ಯಾವ ಮಗು ಹೀಗಿತ್ತು? ಈ ಮಾತಿನೊಳಗೆ ಒಂದು ಜ್ಞಾನಮೀಮಾಂಸೆ ಅಡಗಿದೆ: ನನ್ನ ಕಿವಿಗೆ ಹಿತವಾದದ್ದು ನಿನ್ನ ಕಿವಿಗೆ ನೋವಾಗಲಾರದು, ಆಗುತ್ತದೆ ಎಂದು ನೀನು ಹೇಳಿದರೆ ನಾನು ನಂಬಬೇಕಿಲ್ಲ. ಇದನ್ನು ನಮ್ಮ ದರ್ಶನಗಳ ಮುಂದಿಟ್ಟು ನೋಡಿದರೆ ನಿಲ್ಲುವುದಿಲ್ಲ. ಸುಖದುಃಖಗಳನ್ನು ತಿಳಿಯುವುದು ಕಣ್ಣು ಕಿವಿಗಳಲ್ಲ, ಸಾಕ್ಷಿ, ಅಂದರೆ ಒಳಗಿನ ಅರಿವು, ಎಂದು ಅದ್ವೈತಿಗಳು ಒಪ್ಪುತ್ತಾರೆ. ಹದಿಮೂರನೇ ಶತಮಾನದಲ್ಲಿ ಉಡುಪಿಯ ಸೀಮೆಯಿಂದ ಬಂದ ಮಧ್ವಾಚಾರ್ಯರು ಇನ್ನೂ ಮುಂದೆ ಹೋದರು. ಕಣ್ಣು ಹಗ್ಗವನ್ನು ಹಾವೆಂದು ಕಾಣಬಹುದು, ಮನಸ್ಸು ಸಂಶಯಪಡಬಹುದು, ಆದರೆ ಸಾಕ್ಷಿಯ ಅನುಭವ ತಪ್ಪುವುದಿಲ್ಲ. ಅದೂ ತಪ್ಪಬಹುದಾದರೆ ಯಾವ ಪ್ರಮಾಣಕ್ಕೂ ಕೊನೆಯ ಆಸರೆ ಉಳಿಯುವುದಿಲ್ಲ ಎಂಬುದು ಅವರ ನಿಲುವು. ನನಗೆ ನೋವಾಗುತ್ತಿದೆ ಎಂದು ನನಗೆ ಅನ್ನಿಸಿದರೆ ಆಗ ನೋವಾಗುತ್ತಿದೆ, ಅಷ್ಟೆ. ಅದರ ಕಾರಣದ ಬಗ್ಗೆ ನಾನು ತಪ್ಪಬಹುದು, ನೋವಿನ ಬಗ್ಗೆ ಅಲ್ಲ. ಈ ಸಿದ್ಧಾಂತದಲ್ಲಿ ಸಾಕ್ಷಿ ಜೀವದ ಸ್ವರೂಪಕ್ಕೆ ಸೇರಿದ್ದು. ಓದಿನಿಂದ ಬಂದದ್ದಲ್ಲ, ವಯಸ್ಸಿನೊಡನೆ ಬೆಳೆಯುವಂಥದ್ದೂ ಅಲ್ಲ. ಹಾಗಾದರೆ ಮಾತು ಬಾರದ ಮೂರು ವರ್ಷದ ಮಗುವಿನ ಸಾಕ್ಷಿಯೂ ಪಂಡಿತನ ಸಾಕ್ಷಿಯಷ್ಟೇ ಪೂರ್ಣ. ಮಧ್ವರ ದ್ವೈತ ಗ್ರಂಥಗಳು ಇದನ್ನು ಗರ್ನಾಲಿನ ಸಂದರ್ಭದಲ್ಲಿ ಹೇಳಿಲ್ಲ ನಿಜ, ಆದರೆ ಪ್ರಮೇಯ ಒಪ್ಪಿದವರು ಅದರಿಂದ ಹೊರಡುವುದನ್ನೂ ಒಪ್ಪಬೇಕಾಗುತ್ತದೆ.

ಮಗುವಿಗೆ ತಿಳಿದದ್ದು ನಮಗೆ ತಿಳಿಯುವುದು ಹೇಗೆ ಎಂದು ಕೇಳಬಹುದು. ಬೇರೆಯವರಲ್ಲಿ ಮನಸ್ಸಿದೆ ಎಂಬುದನ್ನೇ ನಾವು ಅವರ ಚರ್ಯೆಯಿಂದ ಊಹಿಸುತ್ತೇವೆ ಎಂದು ಬೌದ್ಧ ತಾರ್ಕಿಕ ಧರ್ಮಕೀರ್ತಿ ಒಂದು ಪ್ರತ್ಯೇಕ ಗ್ರಂಥದಲ್ಲೇ ವಾದಿಸಿದ್ದಾನೆ. ಹೊಗೆಯಿಂದ ಬೆಂಕಿಯನ್ನು ತಿಳಿಯುವುದು ಹೇಗೋ ಹಾಗೆ, ಮುಚ್ಚಿದ ಕಿವಿಯಿಂದ, ಬಿಗಿದ ಮೈಯಿಂದ ನೋವನ್ನು ತಿಳಿಯಬೇಕು. ದೊಡ್ಡವರು ಹಲ್ಲುನೋವೆಂದಾಗ ಕೆನ್ನೆ ಹಿಡಿದ ಕೈಯನ್ನು ನಂಬುವ ನಾವು ಮಗು ಕಿವಿ ಹಿಡಿದಾಗ ಮಾತ್ರ ಹೆಚ್ಚಿನ ಪುರಾವೆ ಕೇಳುವುದು ತರ್ಕವಲ್ಲ, ಅಧಿಕಾರ. ಮಾದಾಪುರದ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೂ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುವತ್ತೊಕ್ಲು, ಮಾದಾಪುರದ ಸುತ್ತ ಗುಡ್ಡಗಳು ಜಾರಿದವು, ಮನೆ ತೋಟಗಳು ಹೋದವು. ಅದನ್ನು ಕಂಡವರಿಗೆ ರಾತ್ರಿಯ ಮಳೆಯ ಸದ್ದು ಬಯಲುಸೀಮೆಯವರಿಗೆ ಕೇಳುವ ಹಾಗೆಯೇ ಕೇಳಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಅವರ ಭಯ ಅನುಭವದಿಂದ ಬಂದದ್ದು, ಮಗುವಿನದು ನರಗಳ ರಚನೆಯಿಂದ ಬಂದದ್ದು. ಎರಡೂ ಒಂದೇ ಎನ್ನುತ್ತಿಲ್ಲ. ಒಂದೇ ಸದ್ದು ಇಬ್ಬರಿಗೆ ಎರಡು ಆಗಬಲ್ಲದು ಎಂಬಷ್ಟು ಒಪ್ಪಿದರೆ ಸಾಕು. ಆಯುರ್ವೇದ ಇದನ್ನು ಎಂದೋ ಒಪ್ಪಿದೆ. ಇಂದ್ರಿಯಗಳಿಗೂ ವಿಷಯಗಳಿಗೂ ಹೊಂದದ ಸಂಬಂಧವನ್ನು ಚರಕಸಂಹಿತೆ ರೋಗದ ಮೂರು ಮೂಲಕಾರಣಗಳಲ್ಲಿ ಒಂದೆಂದು ಎಣಿಸುತ್ತದೆ. ಅತಿಯಾಗಿ ಹೊಳೆಯುವುದನ್ನು ಅತಿಯಾಗಿ ನೋಡುವುದು, ಗುಡುಗು, ತಮಟೆಯಂಥ ವಾದ್ಯ, ಅಬ್ಬರದ ಕೂಗು ಇವನ್ನು ಅತಿಯಾಗಿ ಕೇಳುವುದು ಅಲ್ಲಿ ಕೊಟ್ಟಿರುವ ಉದಾಹರಣೆಗಳು. ಯಾರಿಗೆ ಯಾವುದು ಹೊಂದುತ್ತದೆ ಎಂಬುದು ಆಳಿನಿಂದಾಳಿಗೆ ಬೇರೆ ಎಂಬುದು ಆ ಶಾಸ್ತ್ರದ ಬುನಾದಿ. ‘ನಮ್ಮ ಕಾಲದಲ್ಲಿ’ ಎನ್ನುವವರು ಎಷ್ಟು ಹಿಂದಿನ ಕಾಲಕ್ಕೆ ಹೋಗಲು ಸಿದ್ಧರಿದ್ದಾರೋ ಗೊತ್ತಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಧರ್ಮದೊಳಗಿನಿಂದಲೇ ಬರುತ್ತದೆ. ನೋವಿದೆ, ಒಪ್ಪೋಣ; ಆದರೆ ತಾಳಿಕೊಳ್ಳುವುದನ್ನು ಕಲಿಸುವುದೇ ಅಲ್ಲವೇ ಧರ್ಮ? ಇಂದ್ರಿಯಗಳ ಸ್ಪರ್ಶದಿಂದ ಬರುವ ಶೀತೋಷ್ಣ ಸುಖದುಃಖಗಳು ಬಂದು ಹೋಗುವಂಥವು, ಅವನ್ನು ಸಹಿಸು ಎಂದು ಗೀತೆಯ ಎರಡನೇ ಅಧ್ಯಾಯದಲ್ಲೇ ಕೃಷ್ಣ ಹೇಳುತ್ತಾನೆ. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ, ಹನ್ನೊಂದನೇ ಶತಮಾನದ ಜೈನ ಬಸದಿಗಳು ಇಂದಿಗೂ ನಿಂತಿವೆ. ಆ ಬಸದಿಗಳ ಧರ್ಮ ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆ ಕಡಿತ ಸೇರಿ 22 ಪರೀಷಹಗಳನ್ನು, ಅಂದರೆ ತಾಳಬೇಕಾದ ಕಷ್ಟಗಳನ್ನು, ಗೆಲ್ಲಬೇಕೆನ್ನುತ್ತದೆ. ಸಹನೆ ಇಷ್ಟು ದೊಡ್ಡ ಗುಣವಾದ ನಾಡಿನಲ್ಲಿ ಮಗುವಿಗಾಗಿ ಸದ್ದು ತಗ್ಗಿಸಿ ಎನ್ನುವುದು ಹಿಮ್ಮುಖ ನಡೆಯಲ್ಲವೇ? ಅಲ್ಲ, ಏಕೆಂದರೆ ಈ ಉಪದೇಶಗಳೆಲ್ಲ ಯಾರಿಗೆ ಎಂಬುದನ್ನೂ ಜೊತೆಗೇ ಹೇಳಿವೆ. ಅರ್ಜುನ ಬೆಳೆದ ಕ್ಷತ್ರಿಯ, ತಾನೇ ಶಿಷ್ಯನೆಂದು ಶರಣಾಗಿ ಕೇಳಿದ ಮೇಲೆ ಆ ಮಾತು ಬಂತು. ಪರೀಷಹಗಳು ಮುನಿಗೆ, ಸಂಸಾರಿಗೆ ಅಣುವ್ರತಗಳ ಸಡಿಲ ದಾರಿಯೇ ಬೇರೆ ಇದೆ. ವೇದಾಂತದಲ್ಲಿ ತಿತಿಕ್ಷೆ ಮುಮುಕ್ಷುವಿನ ಷಟ್ಸಂಪತ್ತಿಯಲ್ಲಿ ಒಂದು, ವಿವೇಕ ವೈರಾಗ್ಯಗಳು ಬಂದ ಮೇಲಿನದು. ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿ ಕೊಡುವ ಲಕ್ಷಣದಂತೆ ಅದು ಪ್ರತೀಕಾರವಿಲ್ಲದೆ, ಚಿಂತೆಯಿಲ್ಲದೆ, ಗೋಳಾಟವಿಲ್ಲದೆ ದುಃಖವನ್ನು ಸಹಿಸುವುದು. ಗೋಳಾಡುತ್ತ ಬಲವಂತಕ್ಕೆ ನಿಂತಿರುವ ಮಗು ಆ ಲಕ್ಷಣದಂತೆಯೇ ತಿತಿಕ್ಷೆಯನ್ನು ಅಭ್ಯಾಸ ಮಾಡುತ್ತಿಲ್ಲ, ಬರೀ ನರಳುತ್ತಿದೆ. ಒಬ್ಬರು ತಾವಾಗಿ ಹೊತ್ತದ್ದು ತಪಸ್ಸು. ಅದನ್ನೇ ಇನ್ನೊಬ್ಬರ ಮೇಲೆ ಹೊರಿಸಿದರೆ ಹೊರಿಸಿದವನಿಗೆ ಯಾವ ಪುಣ್ಯವೂ ಯಾವ ಶಾಸ್ತ್ರದಲ್ಲೂ ನನಗೆ ಕಂಡಿಲ್ಲ. ಇನ್ನು, ಸಹನೆ ಅಷ್ಟು ದೊಡ್ಡದಾದರೆ ಡಿಜೆ ಇಲ್ಲದ ಒಂದು ರಾತ್ರಿಯನ್ನು ದೊಡ್ಡವರು ಯಾಕೆ ಸಹಿಸಬಾರದು?

ಹಾಗೆಂದು ಮಗುವನ್ನು ಸದ್ದಿಲ್ಲದ ಗೂಡಿನಲ್ಲಿ ಬೆಳೆಸಬೇಕೆಂದು ನಾನು ಹೇಳುತ್ತಿಲ್ಲ. ಅದು ಈ ಜಿಲ್ಲೆಯಲ್ಲಿ ಸಾಧ್ಯವೂ ಇಲ್ಲ; ತೋಟಕ್ಕೆ ಆನೆ ಬಂದರೆ ಪಟಾಕಿ ಸಿಡಿಸಲೇಬೇಕು. ಕಿವಿಯನ್ನು ಸದಾ ಮುಚ್ಚಿಟ್ಟರೆ ಸಂವೇದನೆ ಇನ್ನಷ್ಟು ಚುರುಕಾಗುತ್ತದೆ ಎಂಬುದು ಶ್ರವಣಶಾಸ್ತ್ರದಲ್ಲಿ ಪ್ರಯೋಗದಿಂದ ತಿಳಿದ ಸಂಗತಿ. ಆದ್ದರಿಂದ ಕಿವಿಗೆ ಹಾಕುವ ಇಯರ್ ಮಫ್ ಮೆರವಣಿಗೆಯ ಹೊತ್ತಿಗೆ ಸರಿ, ದಿನವಿಡೀ ಅಲ್ಲ. ಸದ್ದಿಗೆ ಮಗುವನ್ನು ಒಗ್ಗಿಸಬಹುದು, ಆದರೆ ಅದಕ್ಕೊಂದು ಕ್ರಮವಿದೆ: ದೂರದಿಂದ, ಸ್ವಲ್ಪ ಹೊತ್ತು, ಮೊದಲೇ ಹೇಳಿ, ಸಾಕೆಂದಾಗ ಹೊರಬರಲು ದಾರಿ ಬಿಟ್ಟು. ಯಾವಾಗ ಬರುತ್ತದೆಂದು ತಿಳಿದ ಸದ್ದು ತಿಳಿಯದ ಸದ್ದಿನ ಅರ್ಧದಷ್ಟೂ ಕಾಡುವುದಿಲ್ಲ ಎಂದು ತಂದೆತಾಯಿಗಳು ಹೇಳುತ್ತಾರೆ. ದೊಡ್ಡವರಿಗೂ ಅದು ಹಾಗೆಯೇ. ‘ಅಭ್ಯಾಸವಾಗಲಿ’ ಎಂದು ಮಗುವನ್ನು ಎತ್ತಿ ಸ್ಪೀಕರಿನ ಮುಂದೆ ಹಿಡಿಯುವವರು ಮಾಡುತ್ತಿರುವುದು ಅಭ್ಯಾಸವಲ್ಲ. ಗೀತೆಯಲ್ಲೂ ಅಭ್ಯಾಸವೆಂದರೆ ಶನೈಃ ಶನೈಃ, ಮೆಲ್ಲಮೆಲ್ಲನೆ ಆಗುವಂಥದ್ದು. ಹಿಂದಿನ ಜನ್ಮದ ಕರ್ಮ, ಯಾರದೋ ದೃಷ್ಟಿ ಎಂಬ ವಿವರಣೆಗಳಿಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಕರ್ಮಸಿದ್ಧಾಂತವನ್ನು ಒಪ್ಪಿದರೂ, ಮಗುವಿನ ನೋವು ಅದರ ಹಿಂದಿನ ಕರ್ಮವಾದರೆ ಆ ನೋವನ್ನು ಕಂಡೂ ಸ್ಪೀಕರಿನ ಗುಂಡಿ ತಿರುಗಿಸದಿರುವುದು ನಮ್ಮ ಈಗಿನ ಕರ್ಮ, ಅದರ ಲೆಕ್ಕವನ್ನೂ ಬರೆದಿಡಲಾಗುತ್ತಿರುತ್ತದೆ. ಇನ್ನೊಂದು ಅತಿಯೂ ಇದೆ. ಈ ಮಕ್ಕಳು ಹಿಂದಿನ ಜನ್ಮದ ಯೋಗಿಗಳು, ಸೂಕ್ಷ್ಮ ಜೀವಗಳು ಎಂದು ಹೊಗಳುವುದು. ಕೇಳಲು ಚೆಂದ, ಆದರೆ ಯೋಗಿಯೆಂದು ಹಾರ ಹಾಕಿಸಿಕೊಂಡ ಮಗುವಿಗೂ ಕಿವಿ ನೋಯುತ್ತಲೇ ಇರುತ್ತದೆ.

ಈಗ ಮೂಲ ಪ್ರಶ್ನೆಗೆ ಬರಬಹುದು: ಪೂಜೆಯಲ್ಲಿ ಸದ್ದು ಮತ್ತು ಬೆಳಕು ಏನು ಕೆಲಸ ಮಾಡುತ್ತವೆ? ಕೋವಿಯ ಗುಂಡನ್ನೇ ನೋಡೋಣ. ಒಂದು ಗುಂಡಿಗೆ ಒಂದು ಅರ್ಥ, ಎರಡಕ್ಕೆ ಇನ್ನೊಂದು. ಅರ್ಥ ಇರುವುದು ಎಣಿಕೆಯಲ್ಲಿ. ಜೋರು ಬೇಕಾದದ್ದು ಐನ್‌ಮನೆಗಳು, ಅಂದರೆ ಕುಲದ ಮೂಲಮನೆಗಳು, ಬೆಟ್ಟ, ಗದ್ದೆ, ಕಾಡುಗಳ ಆಚೆ ಈಚೆ ಚದುರಿದ್ದರಿಂದ, ಸುದ್ದಿ ಅಷ್ಟು ದೂರ ಹೋಗಬೇಕಾದ್ದರಿಂದ. ಹತ್ತಡಿ ದೂರದಲ್ಲಿ ನಿಂತವನ ಎದೆ ನಡುಗಿಸುವ ಡಿಜೆಗೆ ಆ ಕಾರಣವಿಲ್ಲ, ಅದು ಯಾವ ಸುದ್ದಿಯನ್ನೂ ಒಯ್ಯುವುದಿಲ್ಲ. ಅದೇ ಕೊಡವರ ಮನೆಯೊಳಗೆ ಹೋದರೆ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಒಂದು ತೂಗುದೀಪ. ಕುಲದ ಹಿರಿಯರಾದ ಗುರುಕಾರಣರನ್ನು ನೆನೆಯಲು ಆ ಬೆಳಕು ಸಾಲುತ್ತದೆ. ಹಾಡುವವರ ಕೈಯಲ್ಲಿ ಅಂಗೈಯಷ್ಟಗಲದ ದುಡಿ. ದೇವಸ್ಥಾನದ ಗರ್ಭಗುಡಿಯನ್ನು ಕಟ್ಟಿದವರು ಅದನ್ನು ಬೇಕೆಂದೇ ಕತ್ತಲಾಗಿಟ್ಟರು, ಒಂದು ನಂದಾದೀಪಕ್ಕೆ ಕಣ್ಣು ಹೊಂದಿಕೊಳ್ಳುವ ತನಕ ಭಕ್ತ ನಿಂತು ಕಾಯಬೇಕು. ಜಪದ ವಿಷಯದಲ್ಲಿ ಮನುಸ್ಮೃತಿಯ ಲೆಕ್ಕ ಇನ್ನೂ ನೇರ: ವಿಧಿಯಜ್ಞಕ್ಕಿಂತ ಜಪ ಹತ್ತು ಪಟ್ಟು ಮೇಲು, ಪಕ್ಕದವರಿಗೂ ಕೇಳದ ಪಿಸುಜಪ ನೂರು ಪಟ್ಟು, ಮನಸ್ಸಿನೊಳಗಿನದು ಸಾವಿರ ಪಟ್ಟು. ಸದ್ದು ಇಳಿದಂತೆ ಬೆಲೆ ಏರುತ್ತದೆ. ಮನುವಿನ ಬೇರೆ ಲೆಕ್ಕಗಳು ನನಗೆ ಒಪ್ಪಿಗೆಯಿಲ್ಲ, ಆದರೆ ಸಂಪ್ರದಾಯವೆಂದು ವಾದಿಸುವವರು ಈ ಲೆಕ್ಕವನ್ನಾದರೂ ನೋಡಬೇಕಲ್ಲ. ಕೊಡಗಿನ ಪೇಟೆಗಳಲ್ಲಿ ದೇವಸ್ಥಾನ, ಮಸೀದಿ, ಚರ್ಚು ಒಂದರ ಮೈಕು ಇನ್ನೊಂದಕ್ಕೆ ಕೇಳುವಷ್ಟು ಹತ್ತಿರ ಇರುತ್ತವೆ, ಆದ್ದರಿಂದ ಈ ಪ್ರಶ್ನೆ ಒಂದೇ ಮತದ್ದಲ್ಲ. ಬೈಬಲ್ಲಿನಲ್ಲಿ ಎಲೀಯ ಬೆಟ್ಟದ ಮೇಲೆ ನಿಂತಾಗ ಬಿರುಗಾಳಿಯಲ್ಲೂ ಭೂಕಂಪದಲ್ಲೂ ಬೆಂಕಿಯಲ್ಲೂ ದೇವರಿರಲಿಲ್ಲ, ಆಮೇಲೆ ಬಂದ ಮೆಲುದನಿಯಲ್ಲಿ ಅವನಿಗೆ ದೇವರ ಮಾತು ಕೇಳಿತು. ಪ್ರವಾದಿ ಮುಹಮ್ಮದರು ದೀರ್ಘವಾಗಿ ನಮಾಜು ಮಾಡಬೇಕೆಂದು ನಿಂತಾಗಲೂ ಮಗುವೊಂದು ಅಳುವುದು ಕಿವಿಗೆ ಬಿದ್ದರೆ ಅದರ ತಾಯಿಗೆ ಕಷ್ಟವಾಗದಿರಲೆಂದು ಮೊಟಕು ಮಾಡುತ್ತಿದ್ದರೆಂದು ಹದೀಸಿನಲ್ಲಿದೆ. ನನಗೆ ಇದು ಎಲ್ಲಕ್ಕಿಂತ ನೇರವಾದ ಪುರಾವೆ. ಇಲ್ಲಿ ಮಗುವಿನ ಅಳು ಪ್ರಾರ್ಥನೆಗೆ ಬಂದ ಅಡ್ಡಿಯಾಗಲಿಲ್ಲ, ಪ್ರಾರ್ಥನೆ ಎಷ್ಟು ಉದ್ದವಿರಬೇಕೆಂಬುದನ್ನೇ ಅದು ತೀರ್ಮಾನಿಸಿತು.

ಮಡಿಕೇರಿಯ ದಸರಾಕ್ಕೂ ಇಂಥದ್ದೇ ಒಂದು ಮೂಲ ಇದೆ, ಈಗಿನ ಬೆಳಕಿನ ಹೊಳಪಿನಲ್ಲಿ ಅದು ಕಾಣುವುದಿಲ್ಲ. ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಜನ ಮಾರಿಯಮ್ಮನಿಗೆ ಮೊರೆಹೋದರು, ಕರಗಗಳು ಹೊರಟದ್ದು ಆಗ ಎಂಬುದು ಅಲ್ಲಿಯ ನಂಬಿಕೆ. ಕೋಟೆ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ಈ ನಾಲ್ಕು ಕರಗಗಳು ಇಂದಿಗೂ ಪಂಪಿನ ಕೆರೆಯಿಂದ ಹೊರಟು ಬೀದಿಬೀದಿ ಸುತ್ತಿ ಮನೆಗಳ ಪೂಜೆ ಪಡೆಯುತ್ತವೆ. ಅಂದರೆ ಈ ಹಬ್ಬ ಹುಟ್ಟಿದ್ದು ಊರಿನಲ್ಲಿ ನರಳುತ್ತಿದ್ದವರಿಗಾಗಿ, ದೇವಿ ಅವರ ಬಾಗಿಲಿಗೇ ಹೋದಳು. ಅದೇ ಹಬ್ಬ ಊರಿನ ಅತಿ ಎಳೆಯ, ಅತಿ ಸೂಕ್ಷ್ಮ ಜೀವಗಳು ಬಾಗಿಲು ಹಾಕಿಕೊಂಡು ಕೂರುವಂತೆ ಮಾಡಿದರೆ ಅದು ತನ್ನ ಹುಟ್ಟಿಗೇ ವಿರುದ್ಧ ನಡೆದ ಹಾಗಾಯಿತು. ಇದಕ್ಕೆ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಉತ್ಸವ ಸಾವಿರಾರು ಜನರದು, ಮೈಮರೆತು ಒಂದಾಗುವ ಸುಖ ಸದ್ದಿಲ್ಲದೆ ಬರುವುದಿಲ್ಲ, ಒಂದೆರಡು ಮಕ್ಕಳಿಗಾಗಿ ಅದನ್ನು ಬಿಡಬೇಕೇ? ಈ ಮಾತನ್ನು ನಾನು ತಳ್ಳಿಹಾಕಲಾರೆ. ಒಂದೇ ತಾಳಕ್ಕೆ ಹೆಜ್ಜೆ ಹಾಕುವ ಜನರಲ್ಲಿ ಹುಟ್ಟುವ ಒಗ್ಗಟ್ಟು ಸುಳ್ಳಲ್ಲ, ಓಲಗಕ್ಕೆ ಕುಣಿಯುವ ಊರನ್ನು ಮೌನವ್ರತಕ್ಕೆ ಕೂರಿಸುವುದು ಯಾರಿಗೂ ಬೇಕಾಗಿಲ್ಲ. ಆದರೆ ಆ ಒಗ್ಗಟ್ಟನ್ನು ತಾಳ ಕೊಡುತ್ತದೆ, ಡೆಸಿಬಲ್ ಅಲ್ಲ. ದುಡಿಗೆ ಕುಣಿದವರು ಆಂಪ್ಲಿಫೈಯರ್ ಬರುವ ಮೊದಲೂ ಒಂದಾಗಿಯೇ ಇದ್ದರು.

ಊರು ದೇವರಿಗಾಗಿ ತನ್ನನ್ನು ತಾನೇ ತಡೆದುಕೊಳ್ಳುವುದು ಕೊಡಗಿಗೆ ಹೊಸದೂ ಅಲ್ಲ. ಊರ ಹಬ್ಬಕ್ಕೆ ಮುಂಚೆ ಕಟ್ಟು, ಅಂದರೆ ಊರವರೇ ಹಾಕಿಕೊಳ್ಳುವ ನಿಷೇಧ, ಬೀಳುತ್ತದೆ. ನಿಯಮ ಊರಿಂದೂರಿಗೆ ಬೇರೆ, ಆದರೆ ಹಬ್ಬ ಮುಗಿಯುವ ತನಕ ಹಸಿ ಮರ ಕಡಿಯಬಾರದು, ಪ್ರಾಣಿ ಕೊಲ್ಲಬಾರದು ಎಂಬಂಥ ಕಟ್ಟುಗಳನ್ನು ಊರವರು ಇಂದಿಗೂ ಪಾಲಿಸುತ್ತಾರೆ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಉಳಿದದ್ದು ಇಂಥದೇ ತಡೆಯಿಂದ. ಮರಕ್ಕೆ, ಪ್ರಾಣಿಗೆ ಸಿಗುವ ಈ ಕಟ್ಟು ಮಗುವಿನ ಕಿವಿಗೆ ಯಾಕೆ ಸಿಗಬಾರದು ಎಂದು ಕೇಳಿದರೆ ದೇವಸ್ಥಾನದ ಮುಖ್ಯಸ್ಥರಾದ ದೇವತಕ್ಕರು ಏನು ಉತ್ತರ ಕೊಡುತ್ತಾರೋ ನೋಡಬೇಕು. ಕಾನೂನು ಈಗಾಗಲೇ ಒಂದು ಗೆರೆ ಎಳೆದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗಾಗಿ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಜನವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಬೇರೆಯವರ ಶಾಂತಿ ಕದಡಿ ಪ್ರಾರ್ಥಿಸಿ ಎಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು, ವೃದ್ಧರ, ಮಕ್ಕಳ ಮಾತನ್ನೂ ಅಲ್ಲಿ ಎತ್ತಿತು. ಆದರೆ ಪೊಲೀಸರ ಭಯಕ್ಕೆ ತಗ್ಗಿದ ಸದ್ದು ಅವರು ಹೋದ ಮೇಲೆ ಏರುತ್ತದೆ. ಕಟ್ಟಿಗೆ ಹಾಗಾಗುವುದಿಲ್ಲ, ಏಕೆಂದರೆ ಅದನ್ನು ಹಾಕಿಕೊಂಡವರು ಊರವರೇ. ಎಲ್ಲವನ್ನೂ ನಿಲ್ಲಿಸುವ ಕಟ್ಟು ಇಲ್ಲಿ ಬೇಕಾಗಿಲ್ಲ. ಹಬ್ಬದ ದಿನ ಬೆಳಿಗ್ಗೆ ಒಂದು ಗಂಟೆ ಮೈಕು, ಮಿನುಗುವ ದೀಪ ಎರಡೂ ಇಲ್ಲದ ಪೂಜೆ ಇರಲಿ, ಈ ಮಕ್ಕಳನ್ನು ಕರೆತರುವವರಿಗೆ ಆಗ ದರ್ಶನ ಸಿಗುತ್ತದೆ. ಮಂಟಪಗಳಿಗೆ ಅಂಕ ಕೊಡುವ ತೀರ್ಪುಗಾರರು ಅಬ್ಬರಕ್ಕೆ ಅಂಕ ಕಳೆಯಲಿ, ಬಹುಮಾನದ ಆಸೆಯೇ ಸ್ಪೀಕರುಗಳನ್ನು ಇಳಿಸುತ್ತದೆ. ಇನ್ನು ಹಬ್ಬದ ಕರಪತ್ರದಲ್ಲಿ ಮಹಾಪೂಜೆಯ ಹೊತ್ತು, ಅನ್ನಸಂತರ್ಪಣೆಯ ಹೊತ್ತು ಹೇಗೂ ಅಚ್ಚಾಗುತ್ತದೆ; ಗರ್ನಾಲು ಸಿಡಿಯುವ ಹೊತ್ತನ್ನೂ ಅದರ ಕೆಳಗೆ ಒಂದು ಸಾಲಿನಲ್ಲಿ ಹಾಕಿದರೆ, ಅಷ್ಟರೊಳಗೆ ಮಗುವನ್ನು ಎತ್ತಿಕೊಂಡು ಹೊಳೆಯ ಕಡೆಗೆ ನಡೆದು, ಮುಗಿದ ಮೇಲೆ ಪ್ರಸಾದಕ್ಕೆ ವಾಪಸು ಬರಲು ಮನೆಯವರಿಗೆ ಸಮಯ ಸಿಗುತ್ತದೆ.